ಕಮಾನುಪಟ್ಟಿಗೊಂದು ಊರುಗೋಲು

ಹಳೆಯ ಜೀಪಿಗೆ ಹೆಚ್ಚು ಬಲದ ಎಂಜಿನನ್ನು ಕೂಡಿಸಿದವರು ಹಿಂದಿನ ಕಮಾನುಪಟ್ಟಿಗೆ ‘ಟ್ರ್ಯಾಕ್ಷನ್ ಬಾರ್’ ಎಂಬ ಕಬ್ಬಿಣದ ಆಸರೆಯನ್ನು ತಾವೇ ಬೆಸೆದು ಹಾಕಿಕೊಳ್ಳುವುದುಂಟು. ಅಮೆರಿಕದ ಪಂದ್ಯದ ಕಾರುಗಳಲ್ಲಿ ಬಳಕೆಗೆ ಬಂದ ಈ ಉಪಾಯವನ್ನು ನಾವು ಹಳಿಯುವುದಿಲ್ಲ. ಚಕ್ರವು ಮುಂದಕ್ಕೆ ತಿರುಗುವಾಗ ಅಚ್ಚಿನ ಕವಚವು ಹಿಂದಕ್ಕೆ ಹೊರಳಲೆಳಸುತ್ತದೆ. ಪಟ್ಟಿಯು ಹಾವಿನಂತೆ ಡೊಂಕಾಗಿ, ಮರುಕ್ಷಣ ಸೆಟೆದು, ಚಕ್ರವು ಕುಪ್ಪಳಿಸುತ್ತದೆ. ಆ ಹೊರಳಾಟವನ್ನು ತಡೆಯುವುದೇ ಬಾರಿನ ಕೆಲಸ.

ಆದರೆ ತಡೆಯುವುದು ಬೇರೆ, ಕಟ್ಟಿಹಾಕುವುದು ಬೇರೆ. ಭಾರ ಬಿದ್ದಾಗ ಬಾಗಿದ ಪಟ್ಟಿ ನೀಳವಾಗುತ್ತದೆ, ಅಚ್ಚು ತುಸು ಹಿಂದೆ ಸರಿಯುತ್ತದೆ. ಬಾರಿನ ಎರಡು ತುದಿಗಳನ್ನೂ ಅಲುಗದಂತೆ ಬಿಗಿದರೆ ಆ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ಆದುದರಿಂದ ಮುಂದಿನ ತುದಿಗೆ ತೂಗುವ ಕೊಂಡಿ ಬೇಕು. ಪಟ್ಟಿಗೇ ಬೆಸುಗೆ ಹಾಕುವುದಂತೂ ಅವಿವೇಕವೇ ಸರಿ. ಕಾವಿಗೆ ಉಕ್ಕಿನ ಹದ ಕೆಡುತ್ತದೆ.

ಖಂಡಾಲೆಯ ಘಾಟಿನಲ್ಲಿ ಬೆಸುಗೆ ಬಿಟ್ಟರೆ ಬೆಲೆ ತೆರುವವನು ವಾಹನದ ಒಡೆಯನೊಬ್ಬನೇ ಅಲ್ಲ, ಎದುರಿನಿಂದ ಬರುವವನೂ ಹೌದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನಗಳ ಮಾರ್ಪಾಟಿಗೆ ಕಟ್ಟು ಹಾಕಿದೆ. ಕೈಚಳಕವಿರಲಿ, ಅದಕ್ಕೆ ಮೊದಲು ಬಲ್ಲವರ ಪರೀಕ್ಷೆಯೂ ಸಾರಿಗೆ ಇಲಾಖೆಯ ಅನುಮತಿಯೂ ಇರಲೆಂಬುದು ನಮ್ಮ ವಿಜ್ಞಾಪನೆ.