ಒಬ್ಬರೇ ಆಟ ಮಾಡುವವರು ಏನು ಬಿಡಬೇಕು, ಏನು ಬಿಡಬಾರದು?



‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ನಮಗೆಲ್ಲ ಗೊತ್ತು. ಮೊಬೈಲಿನಲ್ಲಿ ಆಡುವ ಆಟವನ್ನು ಒಬ್ಬರೇ ಕೂತು ತಯಾರಿಸುವವರಿಗೆ ಈ ಗಾದೆ ಚೆನ್ನಾಗಿ ಹೊಂದುತ್ತದೆ. ದೊಡ್ಡ ಕಂಪನಿಗಳಲ್ಲಿ ಚಿತ್ರ ಬರೆಯಲು ಬೇರೆ ಜನ, ಸಂಗೀತಕ್ಕೆ ಬೇರೆ ಜನ, ಪ್ರೋಗ್ರಾಂ ಬರೆಯಲು ಬೇರೆ ಜನ ಇರುತ್ತಾರೆ. ಒಬ್ಬರೇ ಮಾಡುವವರಿಗೆ ಹಣವೂ ಸಾಲದು, ಹೊತ್ತೂ ಸಾಲದು. ಆದ್ದರಿಂದ ಏನನ್ನಾದರೂ ಬಿಡಲೇಬೇಕು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದೇ ನನ್ನ ವಿಷಯ.

ನಮ್ಮ ದೊಡ್ಡಪ್ಪನ ಮಗ ಮೈಸೂರಿನ ಕುವೆಂಪುನಗರದಲ್ಲಿದ್ದಾನೆ. ಹಗಲೆಲ್ಲ ಕೆಲಸಕ್ಕೆ ಹೋಗಿ ಬಂದು ರಾತ್ರಿ ಹೊತ್ತು ಕಂಪ್ಯೂಟರಿನಲ್ಲಿ ಚೌಕಾಬಾರ ಆಟ ಮಾಡುತ್ತಿದ್ದಾನೆ. ಅರಮನೆ, ಆನೆ, ಅಂಬಾರಿ ಎಲ್ಲ ಹಾಕಬೇಕು ಅಂತಿದ್ದ. ಆಗಲಿಲ್ಲ. ಈಗ ಬರೀ ಸೀಮೆಸುಣ್ಣದಲ್ಲಿ ಎಳೆದಂಥ ಗೆರೆಗಳಿವೆ. ಕವಡೆಯ ಸದ್ದು ಬೇಕು ಅಂತ ನಮ್ಮ ಅಜ್ಜಿ ಕೈಲಿ ನೆಲದ ಮೇಲೆ ಕವಡೆ ಹಾಕಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ಇದೆಲ್ಲ ನನಗೆ ಒಪ್ಪಿಗೆ.

ಚಿತ್ರ ಕಡಿಮೆಯಾದರೆ ಆಟ ಕೆಡುವುದಿಲ್ಲ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೊವ್ ಎಂಬುವವರು ‘ಟೆಟ್ರಿಸ್’ ಆಟ ಮಾಡಿದಾಗ ಅವರ ಕಂಪ್ಯೂಟರಿನಲ್ಲಿ ಚಿತ್ರವೇ ಬರುತ್ತಿರಲಿಲ್ಲ. ಆವರಣ ಚಿಹ್ನೆಗಳನ್ನೇ ಜೋಡಿಸಿ ತುಂಡುಗಳನ್ನು ಮಾಡಿದರು. ಅದನ್ನು ಪ್ರಪಂಚವೇ ಆಡಿತು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ಅವರು ‘ಸ್ಪೇಸ್ ಇನ್ವೇಡರ್ಸ್’ ಮಾಡಿದರು. ಪರದೆ ತುಂಬ ಶತ್ರುಗಳಿದ್ದರೆ ಯಂತ್ರ ನಿಧಾನ, ಶತ್ರುಗಳು ಕಡಿಮೆಯಾದಂತೆ ಉಳಿದವರ ಓಟ ಜೋರು. ಯಂತ್ರದ ಶಕ್ತಿ ಸಾಲದೆ ಹಾಗಾಗುತ್ತಿತ್ತು. ಅವರು ಅದನ್ನು ಹಾಗೇ ಉಳಿಸಿಕೊಂಡರು. ಆಡುವವರಿಗೆ ಅದೇ ಮಜಾ ಆಯಿತು!

ಅಷ್ಟು ದೂರ ಯಾಕೆ, ನಮ್ಮ ಮೈಸೂರನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794-1868) ಆಟಗಳೆಂದರೆ ಬಹಳ ಇಷ್ಟ. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ಅವರು ರೂಪಿಸಿದರು. ಕೆಲವು ಆಟಕ್ಕೆ 360 ಎಲೆಗಳವರೆಗೂ ಬೇಕಿತ್ತು. ಒಂದೊಂದಕ್ಕೂ ಕೈಯಲ್ಲೇ ಚಿತ್ರ ಬರೆಯಬೇಕು. ಆ ಎಲೆಗಳು ಎಷ್ಟೇ ಸುಂದರವಾಗಿದ್ದರೂ ಆ ಆಟಗಳು ಅರಮನೆ ದಾಟಿ ಹೆಚ್ಚು ಹರಡಲಿಲ್ಲ. ಚೌಕಾಬಾರಕ್ಕೆ ಬೇಕಾದ್ದು 25 ಮನೆ, ನಾಲ್ಕು ಕವಡೆ, ಬಳೆಚೂರು. ಕವಡೆ ಇಲ್ಲದಿದ್ದರೆ ಒಂದು ಕಡೆ ಉಜ್ಜಿದ ಹುಣಸೆ ಬೀಜ ಸಾಕು. ಅದಕ್ಕೇ ಅದು ಎಲ್ಲರ ಜಗುಲಿ ಮೇಲೂ ಕೂತಿತು.

ಆದರೆ ಅಣ್ಣ ಇನ್ನೊಂದನ್ನೂ ಬಿಟ್ಟಿದ್ದಾನೆ. ಆಟದಲ್ಲಿ ಒಂದೂ ಕನ್ನಡ ಪದ ಇಲ್ಲ, ಎಲ್ಲಾ ಇಂಗ್ಲಿಷ್. ಕೇಳಿದರೆ, “ಒಬ್ಬನೇ ಎಷ್ಟೂಂತ ಮಾಡ್ಲಿ ಕಣೇ? ಒತ್ತಕ್ಷರ ಸರಿಯಾಗಿ ಬರಲ್ಲ. ಇಂಗ್ಲಿಷ್ ಇದ್ರೆ ಹೊರಗಿನವರೂ ಆಡ್ತಾರೆ, ನಾಲ್ಕು ಕಾಸು ಬರುತ್ತೆ” ಅಂತಾನೆ. ಅವನ ಮಾತು ಸುಳ್ಳಲ್ಲ. ಆಟ ತಯಾರಿಸುವ ಕೆಲವು ಸಾಫ್ಟ್‌ವೇರಿನಲ್ಲಿ ‘ಕಟ್ಟೆ’ ಎಂದು ಬರೆದರೆ ಒತ್ತು ಕೆಳಗೆ ಕೂರದೆ ‘ಕಟ್‌ಟೆ’ ಎಂದು ಒಡೆದು ಹೋಗುತ್ತದೆ. ಅದನ್ನು ಸರಿಮಾಡಲು ಎಷ್ಟೋ ರಾತ್ರಿ ಬೇಕು.

ಆದರೂ ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಅಜ್ಜಿ ನಾಲ್ಕನೇ ಕ್ಲಾಸು ಓದಿದವರು. ಕನ್ನಡ ಓದುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ಕವಡೆ ಸದ್ದು ಕೊಟ್ಟ ಅಜ್ಜಿಗೇ ಆ ಆಟ ಆಡಲು ಆಗದಿದ್ದರೆ ಅದು ಯಾರ ಚೌಕಾಬಾರ? ಚಿತ್ರ ಬಿಟ್ಟರೆ ಆಟದ ಅಂದ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೆ. ಭಾಷೆ ಬಿಟ್ಟರೆ ಆಡುವ ಜನರನ್ನೇ ಬಿಟ್ಟ ಹಾಗೆ. ಇಂಗ್ಲಿಷ್ ಇರಲಿ, ಜೊತೆಗೆ ಕನ್ನಡವೂ ಇರಲಿ.

ಇದಕ್ಕೆ ದಾರಿಯೂ ಇದೆ. 2023ರಲ್ಲಿ ಬಂದ ‘ಗೊಡಾಟ್ 4’ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಸರಿಯಾಗಿ ಮೂಡುತ್ತದೆ. ಮಾಡಿದ ಕೆಲಸವನ್ನೆಲ್ಲ ಅದಕ್ಕೆ ಬದಲಾಯಿಸುವುದು ಕಷ್ಟ ಎಂದರೆ ಇನ್ನೂ ಸುಲಭದ್ದು ಒಂದಿದೆ. ಚೌಕಾಬಾರಕ್ಕೆ ಬೇಕಾಗುವುದು ಇಪ್ಪತ್ತು ಮೂವತ್ತು ಪದ ಅಷ್ಟೆ. ಅವನ್ನು ನಮ್ಮ ಗೋಡೆ ಪತ್ರಿಕೆಯ ಹಾಗೆ ಕೈಯಲ್ಲೇ ಬರೆದು, ಫೋಟೊ ತೆಗೆದು, ಚಿತ್ರದಂತೆ ಆಟದೊಳಗೆ ಅಂಟಿಸಬಹುದು. ಚಿತ್ರವಾದರೆ ಒತ್ತು ಒಡೆಯುವುದಿಲ್ಲ.

ಹನಿ ಹನಿ ಗೂಡಿದರೆ ಹಳ್ಳ. ಒಬ್ಬನೇ ಮಾಡುವವನಿಗೆ ಸಂಬಳದ ಜನ ಇಲ್ಲದಿದ್ದರೇನು, ತಂಗಿಯರು ತಮ್ಮಂದಿರು ಇಲ್ಲವೇ? ನಮ್ಮ ಶಾಲೆಯಲ್ಲಿ ದುಂಡಗೆ ಬರೆಯುವವರು ಬೇಕಾದಷ್ಟು ಜನ ಇದ್ದೀರಿ. ‘ಕಾಯಿ’, ‘ಕಟ್ಟೆ’, ‘ಗೆದ್ದಿರಿ’, ‘ಮತ್ತೆ ಆಡಿ’ ಎಂದು ಬರೆದುಕೊಡಲು ಇಷ್ಟ ಇರುವವರು ಶನಿವಾರದೊಳಗೆ ನನಗೆ ಹೆಸರು ಕೊಡಿ. ನನ್ನ ಅಭಿಪ್ರಾಯ ತಪ್ಪು ಎನ್ನುವವರೂ ಬರೆದು ಈ ಹಾಳೆಯ ಪಕ್ಕದಲ್ಲೇ ಅಂಟಿಸಿ.

– 7ನೇ ತರಗತಿ ವಿದ್ಯಾರ್ಥಿನಿ