ಹೊಸ ತೆನೆಯೂ ಹಳೆಯ ಜಗಳವೂ

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮೋತ್ಸವವನ್ನು ಕರಾವಳಿಯ ಕಥೋಲಿಕರಾದ ನಾವು ತೆನೆ ಹಬ್ಬವಾಗಿಯೂ ಆಚರಿಸುತ್ತೇವೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂವು ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದಂದು ಧರ್ಮಗುರುಗಳು ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಸುಲಿದು, ಪುಡಿ ಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಪ್ರಾರ್ಥನೆಯ ತರುವಾಯ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ತಾಯಂದಿರೂ ಉಂಟು.

ಸಮುದ್ರ ದಾಟಿ ಹೋಗುವ ಈ ಕಾಳು ಕೆಲವು ಮನೆಗಳಲ್ಲಿ ಅಂಗಳದ ಬೇಲಿಯನ್ನು ದಾಟುವುದಿಲ್ಲವೆಂಬುದು ನಮ್ಮೆಲ್ಲರಿಗೂ ತಿಳಿದ ಸಂಗತಿ. ಬೇಲಿಯ ಆಚೆ ಇರುವವನು ಒಡಹುಟ್ಟಿದವನೇ. ತಂದೆ ತೀರಿಕೊಂಡ ಮೇಲೆ ಪಾಲಿನ ವಿಷಯದಲ್ಲಿ ಮಾತು ಬೆಳೆದು, ಮೊಕದ್ದಮೆಯಾಗಿ, ವರ್ಷಗಳು ಉರುಳಿವೆ. ಇಬ್ಬರೂ ಭಾನುವಾರದ ಬಲಿಪೂಜೆಯನ್ನು ತಪ್ಪಿಸುವವರಲ್ಲ. ಇಬ್ಬರ ಮನೆಯಲ್ಲಿಯೂ ಸಂಜೆ ಜಪಸರ ನಡೆಯುತ್ತದೆ. ಆದರೆ ಶಾಂತಿಯನ್ನು ಹಂಚಿಕೊಳ್ಳಿರೆಂದು ಗುರುಗಳು ಹೇಳಿದಾಗ ಒಬ್ಬನು ಬಲಕ್ಕೆ ತಿರುಗಿದರೆ ಇನ್ನೊಬ್ಬನು ಎಡಕ್ಕೆ ತಿರುಗುತ್ತಾನೆ!

ಇಂಥವರಿಗೆ ವಿಶ್ವಾಸವೇ ಇಲ್ಲವೆಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೂ ಸಂತ ಮತ್ತಾಯರ ಶುಭಸಂದೇಶದ ಐದನೆಯ ಅಧ್ಯಾಯವನ್ನು ನಾವು ನಿಧಾನವಾಗಿ ಓದಬೇಕಾಗಿದೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಸಂಧಾನ ಮಾಡಿಕೊಳ್ಳಬೇಕೆಂದು ಪ್ರಭು ಅಲ್ಲಿ ಬೋಧಿಸುತ್ತಾರೆ. ಸಹೋದರನ ಮೇಲೆ ನಮಗೆ ಮನಸ್ತಾಪವಿದ್ದರೆ ಎಂದು ಅವರು ಹೇಳಲಿಲ್ಲ. ಅವನಿಗೆ ನಮ್ಮ ಮೇಲೆ ಮನಸ್ತಾಪವಿರುವುದು ನೆನಪಾದರೆ ಎಂದರು. ನ್ಯಾಯ ಯಾರ ಕಡೆಗಿದೆಯೆಂಬ ಚರ್ಚೆಗೆ ಅಲ್ಲಿ ಎಡೆಯೇ ಇಲ್ಲ. ಹಾಗೆಂದು ಪಾಲಿನ ಹಕ್ಕನ್ನು ಬಿಟ್ಟುಕೊಡಬೇಕೆಂದಲ್ಲ, ವಿಶೇಷವಾಗಿ ಸಹೋದರಿಯರ ಹಕ್ಕನ್ನು. ಸಂಧಾನದ ಹೆಸರಿನಲ್ಲಿ ಅವರ ಬಾಯಿ ಮುಚ್ಚಿಸಿದ ಉದಾಹರಣೆಗಳೂ ನಮ್ಮಲ್ಲಿ ಕಡಿಮೆಯಿಲ್ಲ.

ಕೂಲಿಯ ವಿಷಯವೂ ಹೀಗೆಯೇ. ಕೂಲಿಯಾಳಿನ ಸಂಬಳವನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ ವಿಧಿಸುತ್ತದೆ. ತಡೆಹಿಡಿದ ಕೂಲಿ ದೇವರ ಮುಂದೆ ಕೂಗಿಡುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ. ಮನೆಗೆಲಸದಾಕೆ ಜ್ವರ ಬಂದು ಎರಡು ದಿನ ಬಾರದಿದ್ದಾಗ ಆಕೆಯ ಸಂಬಳದಲ್ಲಿ ಕಡಿತ ಮಾಡುವ ಕೈ, ಚರ್ಚಿನ ಹಬ್ಬದ ಚಂದಾಪಟ್ಟಿಯಲ್ಲಿ ದೊಡ್ಡ ಮೊತ್ತ ಬರೆಯಲು ಹಿಂಜರಿಯುವುದಿಲ್ಲ. ಪಟ್ಟಿಯನ್ನು ಊರು ಓದುತ್ತದೆ. ಕಡಿತವನ್ನು ಆಕೆಯೊಬ್ಬಳೇ ಬಲ್ಲಳು.

ವಿಶ್ವಾಸಕ್ಕೂ ದಿನನಿತ್ಯದ ಬದುಕಿಗೂ ನಡುವಣ ಈ ಬಿರುಕನ್ನು ನಮ್ಮ ಕಾಲದ ಗಂಭೀರ ದೋಷಗಳಲ್ಲಿ ಒಂದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಗುರುತಿಸಿತು. ಬಿರುಕಿಲ್ಲದ ಬದುಕು ಹೇಗಿರುತ್ತದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ಹೋಮಿಯೋಪಥಿ ಔಷಧ ಕೊಡಲಾರಂಭಿಸಿದರು. 1890ರಲ್ಲಿ, ಜನ ಹತ್ತಿರ ಸುಳಿಯಲೂ ಅಂಜುತ್ತಿದ್ದ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದರು. ಕಂಕನಾಡಿಯ ಆಸ್ಪತ್ರೆ ಅಲ್ಲಿಂದ ಬೆಳೆದುದು.

ನಮ್ಮ ಧರ್ಮಕೇಂದ್ರಗಳ ವಾಳೆಯ ಗುರಿಕಾರರಲ್ಲಿ ಒಂದು ಬಿನ್ನಹ. ಹಿಂದೆ ನೆರೆಕರೆಯ ವ್ಯಾಜ್ಯಗಳನ್ನು ಕೂತು ಬಗೆಹರಿಸುತ್ತಿದ್ದವರು ತಾವು. ಇಂದು ಸಭೆಯ ಸೂಚನೆ ತಿಳಿಸುವುದಕ್ಕೂ ವಂತಿಗೆ ಸಂಗ್ರಹಕ್ಕೂ ತಮ್ಮ ಕೆಲಸ ಸೀಮಿತವಾಗುತ್ತಿದೆ. ಮಕ್ಕಳು ಹೂವು ಹಾಕುವ ಆ ಒಂಬತ್ತು ದಿನಗಳಲ್ಲಿ ತಮ್ಮ ವಾಳೆಯ ಒಂದಾದರೂ ಇಂಥ ಬೇಲಿಯ ಎರಡೂ ಬದಿಯ ಮನೆಗಳಿಗೆ ತಾವು ಹೋಗಿ ಬರಬಾರದೇಕೆ? ತೆನೆ ತುಂಬಿದ ಪಾಯಸವನ್ನು ಎರಡು ಕಡೆಯೂ ಬಡಿಸಿಕೊಂಡು ಬಂದರೂ ಯಾರ ಅಭ್ಯಂತರವೂ ಇರಲಾರದು.