ಜಾಣನ ಬಾಯಿಗೂ ಲಗಾಮು ಬೇಕು

ಊರಲ್ಲಿ ಕುರುಕ್ಷೇತ್ರ ನಾಟಕದ ತಾಲೀಮು ನೋಡಿದವರಿಗೆಲ್ಲ ಈ ಮನುಷ್ಯ ಗೊತ್ತು. ದುರ್ಯೋಧನನ ಪಾತ್ರ ಪ್ರತಿ ಸಲ ಅವನದೇ. ಕಂಠ ಚೆನ್ನ, ಪದ್ಯವೆಲ್ಲ ಬಾಯಿಪಾಠ. ಆದರೆ ಹೊಸಬನೊಬ್ಬ ಶ್ರುತಿ ತಪ್ಪಿದರೆ ಸಾಕು, ಎಲ್ಲರ ಎದುರೇ ಅವನ ಮಾನ ಕಳೆಯುತ್ತಾನೆ. ‘ಅವನಿಲ್ಲದಿದ್ರೆ ನಾಟಕ ನಡೆಯಲ್ಲ ಬಿಡ್ರಪ್ಪ’ ಎಂದು ಊರವರು ಸುಮ್ಮನಾಗುತ್ತಾರೆ. ಮುಂದಿನ ವರ್ಷ ತಾಲೀಮಿಗೆ ಹೊಸ ಹುಡುಗರು ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದೂ ಇಲ್ಲ.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರ ನಡುವೆಯೂ ಇದೇ ನಡೆದಿದೆ. ನಾವು ಪತ್ರಿಕೋದ್ಯಮ ಓದಿದವರು, ಕೋಡ್ ಬರೆಯುವವರಲ್ಲ. ಆದರೂ ಇದನ್ನು ಬರೆಯಲು ಕಾರಣವಿದೆ. ನಮ್ಮ ಹಳ್ಳಿಗಳ ಮಕ್ಕಳು ಈಗ ಮೊಬೈಲಿನಲ್ಲೇ ಕೋಡಿಂಗ್ ಕಲಿಯಲು ಕೂತಿದ್ದಾರೆ.

ನೀವು ಇದನ್ನು ಓದುತ್ತಿರುವುದು ಆಂಡ್ರಾಯ್ಡ್ ಫೋನಿನಲ್ಲಾದರೆ, ಅದರ ತಳದಲ್ಲಿ ಕೆಲಸ ಮಾಡುತ್ತಿರುವುದು ಲಿನಕ್ಸ್ ಕರ್ನಲ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಇದನ್ನು ಶುರು ಮಾಡಿದರು. ಈಗ ಒಂದೊಂದು ಆವೃತ್ತಿಗೂ ಸಾವಿರಕ್ಕೂ ಹೆಚ್ಚು ಮಂದಿ ಕೋಡ್ ಕೊಡುತ್ತಾರೆ. ಒಬ್ಬರು ಬರೆದು ಇಮೇಲ್‌ನಲ್ಲಿ ಕಳಿಸಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಎಲ್ಲವೂ ಬಹಿರಂಗ. ಬೈಗುಳವೂ ಅಷ್ಟೇ, ಎಲ್ಲರೂ ಓದುವಂತೆ ಉಳಿಯುತ್ತದೆ.

ಟೋರ್ವಾಲ್ಡ್ಸ್ ಅವರ ಕೆಲಸ ಎಷ್ಟು ದೊಡ್ಡದೋ ಬಾಯಿಯೂ ಅಷ್ಟೇ ಜೋರಾಗಿತ್ತು. ತಪ್ಪು ಕೋಡ್ ಕಳಿಸಿದವರನ್ನು ಕೆಟ್ಟ ಮಾತುಗಳಲ್ಲಿ ಬಯ್ಯುವುದು ವರ್ಷಗಟ್ಟಲೆ ನಡೆಯಿತು. ದೊಡ್ಡವರು ಮಾಡಿದ್ದನ್ನು ಕೆಳಗಿನವರೂ ಕಲಿತರು. 2013ರಲ್ಲಿ ಯುಎಸ್‌ಬಿ 3.0ಗಾಗಿ ಕೋಡ್ ಬರೆದಿದ್ದ ಡೆವಲಪರ್ ಒಬ್ಬರು ಇದು ಸರಿಯಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ವಾದವಾಯಿತು, ರೀತಿ ಬದಲಾಗಲಿಲ್ಲ. 2015ರಲ್ಲಿ ಅವರು ಕರ್ನಲ್ ಕೆಲಸ ಬಿಟ್ಟಿರುವುದಾಗಿ ಬರೆದರು. ಬಿಡುವಾಗ ಕಾರಣ ಬರೆದು ಹೋದವರು ಅವರು. ಒಂದು ಬೈಗುಳ ತಿಂದು ಸುಮ್ಮನೆ ಎದ್ದು ಹೋದವರ ಲೆಕ್ಕ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಜಾಣನನ್ನು ಉಳಿಸಿಕೊಳ್ಳುವವರು ಮರೆಯುವುದು ಈ ಲೆಕ್ಕವನ್ನೇ. ಅವನು ಬರೆದ ಕೋಡ್ ಎದುರಿಗೇ ಕಾಣುತ್ತದೆ. ಅವನಿಗೆ ಹೆದರಿ ಯಾರೂ ಬರೆಯದೆ ಉಳಿದ ಕೋಡ್ ಯಾರಿಗೂ ಕಾಣುವುದಿಲ್ಲ.

2018ರ ಸೆಪ್ಟೆಂಬರ್ 16ರಂದು ಟೋರ್ವಾಲ್ಡ್ಸ್ ಅವರೇ ಕ್ಷಮೆ ಕೇಳಿದರು. ತಮ್ಮ ಇಮೇಲ್‌ಗಳಿಂದ ಜನರಿಗೆ ನೋವಾಗಿದೆ ಎಂದು ಒಪ್ಪಿಕೊಂಡು, ಬೇರೆಯವರ ಮನಸ್ಸು ಅರಿಯಲು ಸಹಾಯ ಪಡೆಯುವುದಾಗಿ ಹೇಳಿ ಕೆಲಸದಿಂದ ದೂರ ಸರಿದರು. ಆಗಲೇ ಕರ್ನಲ್‌ಗೆ ಹೊಸ ನಡತೆ ನಿಯಮವೂ ಬಂತು. 4.19ನೇ ಆವೃತ್ತಿಯನ್ನು ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮುಗಿಸಿಕೊಟ್ಟರು. ನಾಟಕ ನಿಲ್ಲಲಿಲ್ಲ. ಅಕ್ಟೋಬರ್‌ನಲ್ಲಿ ಟೋರ್ವಾಲ್ಡ್ಸ್ ಮರಳಿ ಬಂದರು. ಕೆಟ್ಟ ಕೋಡನ್ನು ಇವತ್ತಿಗೂ ನಿರ್ದಾಕ್ಷಿಣ್ಯವಾಗಿ ವಾಪಸ್ ಕಳಿಸುತ್ತಾರೆ.

ಈ ಕೊನೆಯ ಮಾತು ಮುಖ್ಯ. ಮರ್ಯಾದೆ ಕೇಳಿದರೆ ಗುಣಮಟ್ಟ ಹಾಳಾಗುತ್ತದೆ ಎಂಬ ವಾದ ನಮಗೆ ಒಪ್ಪಿಗೆಯಿಲ್ಲ. ‘ಈ ಸಾಲು ತಪ್ಪು, ಹೀಗೆ ಬರೆ’ ಎನ್ನುವುದು ತಿದ್ದುವುದು. ‘ನಿನ್ನಂಥವನು ಇಲ್ಲಿಗೆ ಯಾಕೆ ಬಂದೆ’ ಎನ್ನುವುದು ಓಡಿಸುವುದು. ಮೊದಲನೆಯದು ಎಷ್ಟು ಕಟುವಾದರೂ ಇರಲಿ, ಎರಡನೆಯದು ಬೇಡ.

ಹಾಗಾದರೆ ಕಿರಿಕಿರಿ ಮಾಡುವವರನ್ನೆಲ್ಲ ಹೊರಗೆ ಹಾಕಬೇಕೆ? ಅದು ಸುಲಭ, ಆದರೆ ಸರಿಯಲ್ಲ. ಲಿನಕ್ಸ್‌ನಲ್ಲೇ 2024ರಲ್ಲಿ ನಡೆದದ್ದು ನೋಡಿ. ಫೈಲ್ ಸಿಸ್ಟಮ್ ಒಂದನ್ನು ಬರೆದ ನುರಿತ ಡೆವಲಪರ್ ಇನ್ನೊಬ್ಬರಿಗೆ ತೀರಾ ಕೆಟ್ಟದಾಗಿ ಬರೆದರು. ನಡತೆ ಸಮಿತಿ ಬಹಿರಂಗ ಕ್ಷಮೆ ಕೇಳಿ ಎಂದಿತು, ಅವರು ಒಪ್ಪಲಿಲ್ಲ. 6.13ನೇ ಆವೃತ್ತಿಯ ಮಟ್ಟಿಗೆ ಮಾತ್ರ ಅವರ ಕೋಡ್ ತೆಗೆದುಕೊಳ್ಳುವುದಿಲ್ಲ ಎಂದಾಯಿತು. ಮುಂದಿನ ಆವೃತ್ತಿಗೆ ಮತ್ತೆ ತೆಗೆದುಕೊಂಡರು. ಮೊದಲು ಮಾತು, ಆಮೇಲೆ ಅವಧಿ ಹೇಳಿದ ಶಿಕ್ಷೆ, ಮುಗಿದ ಮೇಲೆ ತೆರೆದ ಬಾಗಿಲು. ಆಮೇಲೆ ಎಲ್ಲ ಸರಿಹೋಯಿತು ಎಂದು ನಾವು ಹೇಳುತ್ತಿಲ್ಲ. ಬೇರೆ ವಿಷಯಕ್ಕೆ ಜಗಳ ಮುಂದುವರಿದು, 2025ರಲ್ಲಿ ಆ ಫೈಲ್ ಸಿಸ್ಟಮ್ಮೇ ಕರ್ನಲ್‌ನಿಂದ ಹೊರಹೋಯಿತು. ಅದನ್ನು ಬಳಸುತ್ತಿದ್ದವರಿಗೆ ತೊಂದರೆಯೂ ಆಯಿತು. ನಿಯಮವಿದ್ದ ಮಾತ್ರಕ್ಕೆ ಮನುಷ್ಯ ಬದಲಾಗುವುದಿಲ್ಲ. ಆದರೆ ಒಬ್ಬನ ಸಿಟ್ಟಿಗೆ ಇನ್ನೊಬ್ಬ ಬಲಿಯಾಗುವುದನ್ನು ನಿಯಮ ತಡೆಯಬಲ್ಲದು.

ನಿಯಮ ನೋಡಿಕೊಳ್ಳುವವರ ಕೈಗೆ ಬಲವೂ ಬೇಕು. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗದಲ್ಲಿ 2021ರ ನವೆಂಬರ್‌ನಲ್ಲಿ ನಡತೆ ನೋಡಿಕೊಳ್ಳುವ ತಂಡ ಇಡಿಯಾಗಿ ರಾಜೀನಾಮೆ ಕೊಟ್ಟಿತು. ಮೇಲಿನ ಮುಖ್ಯ ತಂಡ ಯಾರಿಗೂ ಉತ್ತರ ಕೊಡಬೇಕಿಲ್ಲ ಎಂಬಂತಿದೆ, ಅವರಿಗೆ ನಿಯಮ ಅನ್ವಯಿಸಲು ನಮಗೆ ಆಗುತ್ತಿಲ್ಲ ಎಂಬುದು ಅವರ ದೂರು. ಮುಂದೆ ಆಡಳಿತದ ರೀತಿಯನ್ನೇ ಬದಲಿಸಿ 2023ರಲ್ಲಿ ಹೊಸ ಮಂಡಳಿ ಮಾಡಿದರು. ಸಣ್ಣವರಿಗೆ ಮಾತ್ರ ಅನ್ವಯಿಸುವ ನಿಯಮ ಎಂಥದೆಂದು ಹಳ್ಳಿಯವರಿಗೆ ನಾವು ಹೇಳಿಕೊಡಬೇಕಿಲ್ಲ. ನೋಡಿಕೊಳ್ಳುವವರೂ ಲೆಕ್ಕ ಕೊಡಬೇಕು. ಯಾರಿಗೆ, ಯಾಕೆ, ಎಷ್ಟು ದಿನ ಎಂಬುದನ್ನು ಬರೆದಿಡಬೇಕು. ಇಲ್ಲದಿದ್ದರೆ ಅವರೇ ಹೊಸ ದುರ್ಯೋಧನರಾಗುತ್ತಾರೆ.

ನಮಗೆ ಇದರಿಂದ ಏನು? ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು ರಾತ್ರಿ ಕೂತು, ಅರ್ಧಂಬರ್ಧ ಇಂಗ್ಲಿಷಿನಲ್ಲಿ ತನ್ನ ಮೊದಲ ಪ್ರಶ್ನೆ ಕೇಳುತ್ತಾಳೆ ಅಂದುಕೊಳ್ಳಿ. ಅವಳ ಮನೆಯಲ್ಲಿ ಅದಕ್ಕೆ ಉತ್ತರ ಗೊತ್ತಿರುವವರಿಲ್ಲ. ‘ಇಷ್ಟೂ ಗೊತ್ತಿಲ್ಲವಾ’ ಎಂದು ಉತ್ತರ ಬಂದರೆ ಪೇಟೆಯ ಹುಡುಗ ಅಣ್ಣನನ್ನೋ ಗೆಳೆಯನನ್ನೋ ಕೇಳಿಕೊಳ್ಳುತ್ತಾನೆ. ಇವಳು ಫೋನ್ ಪಕ್ಕಕ್ಕಿಡುತ್ತಾಳೆ.

ನಮ್ಮ ತಾಲ್ಲೂಕುಗಳಲ್ಲೂ ಕೋಡಿಂಗ್ ಕಲಿಯುವವರ ಸಣ್ಣ ಗುಂಪುಗಳು ಹುಟ್ಟಿದರೆ ಅಲ್ಲೂ ಒಬ್ಬ ಜಾಣ ಇರುತ್ತಾನೆ, ಅವನ ಬಾಯಿ ಜೋರಿರುತ್ತದೆ. ಗುಂಪು ನಡೆಸುವವರಿಗೆ ನಮ್ಮ ವಿನಂತಿ ಇಷ್ಟೇ. ಜಗಳ ಬರುವ ಮೊದಲೇ ನಾಲ್ಕು ಸಾಲಿನ ನಿಯಮ ಬರೆದಿಡಿ. ಅವನು ಮಿತಿ ಮೀರಿದ ದಿನವೇ ಪಕ್ಕಕ್ಕೆ ಕರೆದು ಹೇಳಿ. ಕೇಳದಿದ್ದರೆ ಒಂದು ತಿಂಗಳು ಹೊರಗಿಡಿ. ಮತ್ತೆ ಆ ಹುಡುಗಿಗೆ ಒಂದು ಫೋನ್ ಮಾಡಿ, ‘ನಿನ್ನ ಪ್ರಶ್ನೆ ಇನ್ನೊಮ್ಮೆ ಕಳಿಸಮ್ಮ’ ಎನ್ನಿ.